ಸಹಿಸುವ ಮುನ್ನ, ತೆಗೆಸುವ ಮುನ್ನ

ಮುಟ್ಟು ನಿಂತು ಹನ್ನೆರಡು ತಿಂಗಳು ಕಳೆದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಅದನ್ನು ಮುಟ್ಟು ಎನ್ನುವಂತಿಲ್ಲ. ಎಷ್ಟು ಕಡಿಮೆ ಹೋಯಿತು, ಎಷ್ಟು ಬೇಗ ನಿಂತಿತು, ನೋವಿತ್ತೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು; ಮೊದಲು ವೈದ್ಯರಿಗೆ ತೋರಿಸಬೇಕು. ಸ್ತ್ರೀರೋಗ ತಜ್ಞರಲ್ಲಿ ಈ ಬಗ್ಗೆ ಎರಡು ಅಭಿಪ್ರಾಯವಿಲ್ಲ. ಆದರೂ ಐವತ್ತೈದರ ಹೆಂಗಸೊಬ್ಬಳು ಸಂಕೋಚ ಬಿಟ್ಟು ಮನೆಯಲ್ಲಿ ಈ ವಿಷಯ ಹೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಎರಡೇ. ‘ಉಷ್ಣ ಆಗಿರಬೇಕು, ಎಳನೀರು ಕುಡಿ’ ಎನ್ನುವುದು ಒಂದು. ‘ಮಕ್ಕಳೆಲ್ಲ ದೊಡ್ಡವರಾದರಲ್ಲ, ಇನ್ನು ಯಾಕೆ ಬೇಕು, ಗರ್ಭಕೋಶ ತೆಗೆಸಿಬಿಡು’ ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ ಸಲಹೆಗಳು. ಒಂದು ಏನೂ ಮಾಡಬೇಡ ಎನ್ನುತ್ತದೆ, ಇನ್ನೊಂದು ಒಂದೇ ಏಟಿಗೆ ಮುಗಿಸಿಬಿಡು ಎನ್ನುತ್ತದೆ. ಆದರೆ ರಕ್ತ ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ ಎಂದು ಎರಡೂ ಕೇಳುವುದಿಲ್ಲ. ರಕ್ತಸ್ರಾವ ರೋಗವಲ್ಲ, ಲಕ್ಷಣ. ಕಾರಣ ಗೊತ್ತಾಗುವ ಮುನ್ನ ಅದನ್ನು ಸಹಿಸಿಕೊಂಡು ಕೂರುವುದು ಎಷ್ಟು ತಪ್ಪೋ, ಕಾರಣ ಗೊತ್ತಾಗುವ ಮುನ್ನ ಗರ್ಭಕೋಶ ತೆಗೆಸುವುದೂ ಅಷ್ಟೇ ತಪ್ಪು. ನಮ್ಮ ರಾಜ್ಯದಲ್ಲಿ ಈ ಎರಡೂ ತಪ್ಪುಗಳು, ಎಷ್ಟೋ ಸಲ ಒಬ್ಬಳೇ ಮಹಿಳೆಯ ಬದುಕಿನಲ್ಲಿ ಒಂದರ ಹಿಂದೊಂದು ನಡೆಯುತ್ತವೆ. ವರ್ಷಗಟ್ಟಲೆ ಸಹಿಸುತ್ತಾಳೆ, ಸಹಿಸಲಾಗದ ದಿನ ನೇರವಾಗಿ ಆಪರೇಷನ್ ಟೇಬಲ್ಲಿಗೆ ಹೋಗುತ್ತಾಳೆ.

ಸಹಜ ಮುಟ್ಟು ಯಾವುದು ಎನ್ನುವುದಕ್ಕೆ ಅಳತೆಗೋಲಿದೆ, ಅದು ಸಾಕಷ್ಟು ಉದಾರವಾಗಿಯೂ ಇದೆ. ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಗೋ 2018ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ, ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನಗಳ ಅಂತರವಿದ್ದರೆ ಸಹಜ. ಸ್ರಾವ ಎಂಟು ದಿನದೊಳಗೆ ನಿಲ್ಲಬೇಕು. ಒಂದು ತಿಂಗಳಿಗೂ ಇನ್ನೊಂದಕ್ಕೂ ಏಳರಿಂದ ಒಂಬತ್ತು ದಿನಗಳ ಏರುಪೇರಿದ್ದರೂ ಚಿಂತೆಯಿಲ್ಲ. ಇಪ್ಪತ್ತೆಂಟು ದಿನ ಎನ್ನುವುದು ಪಠ್ಯಪುಸ್ತಕದ ಅನುಕೂಲಕ್ಕೆ ಇಟ್ಟುಕೊಂಡ ಸಂಖ್ಯೆ. ಒಬ್ಬೊಬ್ಬರ ದೇಹ ಒಂದೊಂದು ಬಗೆ, ಸಣ್ಣ ವ್ಯತ್ಯಾಸವನ್ನೆಲ್ಲ ಕಾಯಿಲೆ ಮಾಡಿ ಹೆಣ್ಣುಮಕ್ಕಳನ್ನು ಹೆದರಿಸಬೇಡಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಮಾತಿನಲ್ಲಿ ನ್ಯಾಯವಿದೆ, ಆದರೆ ಆ ವ್ಯತ್ಯಾಸಕ್ಕೆ ಈ ಮಾನದಂಡದಲ್ಲೇ ಹದಿನಾಲ್ಕು ದಿನಗಳ ಜಾಗ ಬಿಟ್ಟಿದ್ದಾರೆ. ಅದನ್ನೂ ದಾಟಿದ್ದು, ಎರಡು ಮುಟ್ಟಿನ ನಡುವೆ ಕಾಣಿಸಿಕೊಳ್ಳುವುದು, ಸಂಭೋಗದ ನಂತರ ಬರುವುದು, ಗರ್ಭಿಣಿಯಾಗಿದ್ದಾಗ ಬರುವುದು, ಮುಟ್ಟು ನಿಂತ ಮೇಲೆ ಬರುವುದು, ಮೈನೆರೆಯುವ ಮುನ್ನವೇ ಪುಟ್ಟ ಹುಡುಗಿಯಲ್ಲಿ ಕಾಣುವುದು, ಇವುಗಳಲ್ಲಿ ಯಾವುದನ್ನೂ ದೇಹಪ್ರಕೃತಿಯ ಲೆಕ್ಕಕ್ಕೆ ಹಾಕುವಂತಿಲ್ಲ. (ಹುಟ್ಟಿದ ವಾರದೊಳಗೆ ಹೆಣ್ಣು ಶಿಶುವಿನಲ್ಲಿ ಕಾಣುವ ಒಂದೆರಡು ಹನಿ ಮಾತ್ರ ಬೇರೆ, ಅದು ತಾಯಿಯ ಹಾರ್ಮೋನು ಮಗುವಿನ ಮೈಯಿಂದ ಇಳಿಯುವಾಗ ಆಗುವಂಥದ್ದು, ತಾನಾಗಿ ನಿಲ್ಲುತ್ತದೆ.)

ದಿನಗಳನ್ನು ಎಣಿಸುವುದು ಸುಲಭ, ಪ್ರಮಾಣವನ್ನು ಅಂದಾಜು ಮಾಡುವುದು ಕಷ್ಟ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಲೀಫ್ ಹಾಲ್‌ಬರ್ಗ್ ಮತ್ತು ಸಂಗಡಿಗರು 476 ಮಹಿಳೆಯರು ಬಳಸಿದ ಪ್ಯಾಡುಗಳನ್ನು ಸಂಗ್ರಹಿಸಿ, ಅವುಗಳಲ್ಲಿದ್ದ ರಕ್ತವನ್ನು ಪ್ರಯೋಗಾಲಯದಲ್ಲಿ ಅಳೆದರು. 1966ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಮುಟ್ಟಿಗೆ ಹೋಗುವ ರಕ್ತ ಸರಾಸರಿ 40 ಮಿಲಿಲೀಟರಿನ ಆಸುಪಾಸಿನಲ್ಲಿತ್ತು, ಎಂಟು ಟೀ ಚಮಚದಷ್ಟು. 80 ಮಿಲಿಲೀಟರ್ ದಾಟಿದವರಲ್ಲಿ ರಕ್ತಹೀನತೆ ಎದ್ದು ಕಾಣುತ್ತಿತ್ತು. ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಅದೇ ಅಧ್ಯಯನದ ಇನ್ನೊಂದು ಅಂಶ: ಆ ಮಿತಿ ದಾಟಿದವರಲ್ಲೂ ಹಲವರು ತಮಗೆ ಹೋಗುವುದು ಸಾಧಾರಣವೇ ಎಂದು ಹೇಳಿದ್ದರು. ಹದಿಮೂರನೇ ವಯಸ್ಸಿನಿಂದ ಕಂಡದ್ದನ್ನೇ ಪ್ರತಿಯೊಬ್ಬಳೂ ಸಹಜ ಎಂದುಕೊಳ್ಳುತ್ತಾಳೆ. ಹೋಲಿಸಿ ನೋಡಲು ಅವಳಿಗೆ ಬೇರೆಯವರ ಮುಟ್ಟು ಕಾಣುವುದಿಲ್ಲ. ಅಮ್ಮನಿಗೂ ಹಾಗೇ ಇತ್ತು ಎಂಬ ಸಮಾಧಾನವೂ ನಂಬುವಂಥದ್ದಲ್ಲ, ತಾಯಿಗೂ ಮಗಳಿಗೂ ಒಂದೇ ತೊಂದರೆ ಇದ್ದಿರಬಹುದು. ಆದ್ದರಿಂದ ಕೇಳಬೇಕಾದ್ದು ನಿತ್ಯದ ಬದುಕಿನ ಪ್ರಶ್ನೆಗಳನ್ನು. ಗಂಟೆಗೊಮ್ಮೆ ಪ್ಯಾಡು ಅಥವಾ ಬಟ್ಟೆ ಬದಲಿಸಬೇಕಾಗುತ್ತದೆಯೇ? ರಾತ್ರಿ ಅದಕ್ಕಾಗಿಯೇ ಏಳಬೇಕಾಗುತ್ತದೆಯೇ? ಹಾಸಿಗೆ ಒದ್ದೆಯಾಗುತ್ತದೆಯೇ? ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಗಡ್ಡೆಗಳು ಬೀಳುತ್ತವೆಯೇ? ಆ ದಿನಗಳಲ್ಲಿ ಕೂಲಿ, ಕಾಲೇಜು, ಬಸ್ ಪ್ರಯಾಣ ತಪ್ಪಿಸುವಂತಾಗುತ್ತದೆಯೇ? ಬ್ರಿಟನ್ನಿನ ನೈಸ್ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಮಿಲಿಲೀಟರಿನ ಲೆಕ್ಕವನ್ನು ಬದಿಗಿಟ್ಟು, ಮಹಿಳೆಯ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಸ್ರಾವವೇ ಅತಿಸ್ರಾವ ಎಂದದ್ದು ಇದೇ ಕಾರಣಕ್ಕೆ.

ಅಡ್ಡಿ ಹೊರಗೆ ಕಾಣದಿದ್ದರೂ ದೇಹದೊಳಗೆ ಲೆಕ್ಕ ನಡೆಯುತ್ತಲೇ ಇರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶವಿದೆ. ತಿಂಗಳಿಗೆ 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ, 120 ಹೋದರೆ 60 ಮಿಲಿಗ್ರಾಂ ನಷ್ಟ. ನಾವು ತಿನ್ನುವ ಅನ್ನ, ರಾಗಿ, ಜೋಳ, ಸೊಪ್ಪುಗಳಿಂದ ಕರುಳು ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲೂ ಒಂದು ಭಾಗ ದೇಹದ ದಿನನಿತ್ಯದ ಸವೆತಕ್ಕೇ ಬೇಕು. ಹಾಗಾಗಿ ಅತಿಸ್ರಾವವಿರುವವಳು ಎಷ್ಟೇ ಚೆನ್ನಾಗಿ ಉಂಡರೂ ಊಟದಿಂದ ಆ ನಷ್ಟ ತುಂಬುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಅಂದರೆ ಶೇ. 48ರ ಹತ್ತಿರ, ರಕ್ತಹೀನತೆ ಇದೆ. ಇದಕ್ಕೆಲ್ಲ ಮುಟ್ಟೇ ಕಾರಣವಲ್ಲ. ಅರೆಹೊಟ್ಟೆ, ಜಂತುಹುಳು, ಮೇಲಿಂದ ಮೇಲೆ ಹೆರಿಗೆ ಎಲ್ಲವೂ ಸೇರಿವೆ. ಆದರೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದ ಮಹಿಳೆಗೆ ಕಬ್ಬಿಣದ ಮಾತ್ರೆಯ ಪೊಟ್ಟಣ ಕೊಟ್ಟು ಕಳಿಸುವಾಗ ‘ಮುಟ್ಟು ಎಷ್ಟು ದಿನ ಇರುತ್ತದೆ, ದಿನಕ್ಕೆ ಎಷ್ಟು ಪ್ಯಾಡು’ ಎಂದು ಕೇಳದಿದ್ದರೆ ಮುಂದಿನ ವರ್ಷವೂ ಅದೇ ಪೊಟ್ಟಣ ಕೊಡಬೇಕಾಗುತ್ತದೆ.

ಇನ್ನು ಕಾರಣಗಳಿಗೆ ಬರೋಣ. ಗರ್ಭಕೋಶದ ಒಳಪದರವನ್ನು ಬೆಳೆಸುವುದು ಈಸ್ಟ್ರೋಜನ್ ಹಾರ್ಮೋನು. ಅಂಡಾಣು ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರಾನ್ ಆ ಪದರವನ್ನು ಗಟ್ಟಿ ಮಾಡುತ್ತದೆ, ಅದು ಇಳಿದಾಗ ಪದರ ಒಟ್ಟಾಗಿ ಕಳಚಿ ಮುಟ್ಟಾಗುತ್ತದೆ. ಅಂಡಾಣು ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಇಲ್ಲ. ಗಾರೆ ಬಳಿಯದೆ ಎತ್ತರಿಸುತ್ತಲೇ ಹೋದ ಮಣ್ಣಿನ ಗೋಡೆ ಮಳೆಗೆ ಅಲ್ಲಲ್ಲಿ ಕುಸಿಯುವಂತೆ ಪದರ ದಪ್ಪವಾಗುತ್ತಾ ಹೋಗಿ ತುಂಡುತುಂಡಾಗಿ ಉದುರುತ್ತದೆ. ಎರಡು ಮೂರು ತಿಂಗಳು ಮುಟ್ಟೇ ಆಗದೆ, ಆಮೇಲೆ ಇಪ್ಪತ್ತು ದಿನ ನಿಲ್ಲದೆ ಹೋಗುವುದು ಇದರಿಂದಲೇ. ಮೈನೆರೆದ ಮೊದಲ ಎರಡು ಮೂರು ವರ್ಷ ಮತ್ತು ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಹೀಗಾಗುವುದು ಸಾಮಾನ್ಯ. ಪಿಸಿಓಎಸ್, ಥೈರಾಯ್ಡ್ ದೋಷ, ಅತಿಯಾದ ಬೊಜ್ಜು ಇದ್ದರೆ ಯಾವ ವಯಸ್ಸಿನಲ್ಲೂ ಆಗಬಹುದು. ಆದರೆ ಸಾಮಾನ್ಯ ಎಂಬ ಮಾತಿಗೂ ಅಪಾಯವಿಲ್ಲ ಎಂಬ ಮಾತಿಗೂ ವ್ಯತ್ಯಾಸವಿದೆ. ವರ್ಷಗಟ್ಟಲೆ ಪ್ರೊಜೆಸ್ಟರಾನಿನ ಕಡಿವಾಣವಿಲ್ಲದೆ ಬೆಳೆದ ಪದರ ಕ್ಯಾನ್ಸರ್ ಕಡೆಗೆ ತಿರುಗಬಲ್ಲದು. ಹದಿಹರೆಯದವರ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಫಿನ್ಲೆಂಡಿನ ಆಲಂಡ್ ದ್ವೀಪಗಳಿಂದ ಐದು ವರ್ಷದ ಬಾಲಕಿಯೊಬ್ಬಳನ್ನು 1924ರಲ್ಲಿ ಹೆಲ್ಸಿಂಕಿಗೆ ಕರೆತಂದಿದ್ದರು. ಅವಳ ಅಕ್ಕತಂಗಿಯರಲ್ಲಿ ಹಲವರು ರಕ್ತ ನಿಲ್ಲದೆ ಸತ್ತಿದ್ದರು. ಅವಳನ್ನು ಪರೀಕ್ಷಿಸಿದ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಹೊಸದೊಂದು ರಕ್ತಸ್ರಾವ ರೋಗವನ್ನು ವಿವರಿಸಿದರು. ಆ ಹುಡುಗಿ ಹದಿಮೂರನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲಿ, ರಕ್ತ ನಿಲ್ಲದೆ ತೀರಿಕೊಂಡಳು. ಇಂದಿಗೂ ಈ ದೋಷ ಎಷ್ಟೋ ಹುಡುಗಿಯರಲ್ಲಿ ಮೊದಲು ಗೊತ್ತಾಗುವುದು ಮುಟ್ಟಿನ ಮೂಲಕವೇ. ಮೊದಲ ಮುಟ್ಟಿನಿಂದಲೂ ಅತಿಸ್ರಾವ, ಜೊತೆಗೆ ಮೂಗಿನಿಂದ ಅಥವಾ ಒಸಡಿನಿಂದ ಆಗಾಗ ರಕ್ತ, ತಾಗಿದರೆ ನೀಲಿಗಟ್ಟುವ ಮೈ, ಇವಿದ್ದರೆ ‘ಚಿಕ್ಕ ಹುಡುಗಿ, ಸರಿಹೋಗುತ್ತೆ’ ಎನ್ನದೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಪರೀಕ್ಷಿಸಬೇಕು.

ಹೆರುವ ವಯಸ್ಸಿನಲ್ಲಿ ರಕ್ತಸ್ರಾವ ಹದ ತಪ್ಪಿದರೆ ಮೊದಲು ಗರ್ಭ ನಿಂತಿದೆಯೇ ಎಂದು ನೋಡಬೇಕು. ‘ನನಗೆ ಆಪರೇಷನ್ ಆಗಿದೆ’ ಎಂಬ ಮಾತು ಇಲ್ಲಿ ಸಾಲದು. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಆ ಶಸ್ತ್ರಚಿಕಿತ್ಸೆ ಅಪರೂಪಕ್ಕೆ ವಿಫಲವಾಗುತ್ತದೆ, ವಿಫಲವಾದಾಗ ಗರ್ಭ ನಳಿಕೆಯಲ್ಲೇ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಮುಟ್ಟು ಕೆಲವು ದಿನ ತಡವಾಗಿ, ಸ್ವಲ್ಪಸ್ವಲ್ಪ ರಕ್ತ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು, ತಲೆಸುತ್ತು ಬಂದರೆ ಮರುದಿನದವರೆಗೆ ಕಾಯಬಾರದು, ನಳಿಕೆ ಒಡೆದರೆ ಕೆಲವು ಗಂಟೆಗಳಲ್ಲಿ ಜೀವ ಹೋಗಬಹುದು. ಅಂಗಡಿಯಿಂದ ತಂದ ಗರ್ಭಪಾತದ ಮಾತ್ರೆ ಇನ್ನೊಂದು ದೊಡ್ಡ ಕಾರಣ. ದೇಶದಲ್ಲಿ 2015ರಲ್ಲಿ ನಡೆದ ಗರ್ಭಪಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿದೆ. ಬಹಳಷ್ಟು ಸಲ ಅದು ಸುಸೂತ್ರವಾಗಿ ಮುಗಿಯುತ್ತದೆ. ಮುಗಿಯದೆ ಚೂರು ಒಳಗೇ ಉಳಿದಾಗ ವಾರಗಟ್ಟಲೆ ಸ್ರಾವವಾಗುತ್ತದೆ, ಮಾತ್ರೆ ತೆಗೆದುಕೊಂಡದ್ದನ್ನು ವೈದ್ಯರಿಂದ ಮುಚ್ಚಿಟ್ಟರೆ ಕಾರಣ ಸಿಗುವುದೇ ಇಲ್ಲ. ಕಾಪರ್-ಟಿ, ಮೂರು ತಿಂಗಳ ಇಂಜೆಕ್ಷನ್, ತುರ್ತು ಗರ್ಭನಿರೋಧಕ ಮಾತ್ರೆ, ಹೃದಯದ ತೊಂದರೆಗೆ ಕೊಡುವ ರಕ್ತ ತೆಳುವಾಗಿಸುವ ಔಷಧಿ, ಇವೆಲ್ಲ ಮುಟ್ಟಿನ ಲಯ ಕೆಡಿಸಬಲ್ಲವು. ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಹೆಸರನ್ನೂ ಹೇಳುವುದು ಅದಕ್ಕೇ ಮುಖ್ಯ. ಗರ್ಭಕೋಶದಲ್ಲೇ ಬೆಳೆಯುವ ಫೈಬ್ರಾಯ್ಡ್ ಗಡ್ಡೆ, ಪಾಲಿಪ್, ಒಳಪದರ ಗೋಡೆಯ ಸ್ನಾಯುವಿನೊಳಕ್ಕೆ ಇಳಿಯುವ ಅಡಿನೋಮಯೋಸಿಸ್ ನಲವತ್ತರ ಹತ್ತಿರದವರಲ್ಲಿ ಬಹಳ ಸಾಮಾನ್ಯ. ಇಲ್ಲಿ ಗಡ್ಡೆಯ ಗಾತ್ರಕ್ಕಿಂತ ಅದಿರುವ ಜಾಗ ಮುಖ್ಯ. ಒಳಪದರಕ್ಕೆ ಒತ್ತಿಕೊಂಡ ಹುಣಸೆಬೀಜದಷ್ಟು ಗಡ್ಡೆ ಧಾರಾಳ ರಕ್ತ ಸುರಿಸಬಹುದು, ಹೊರಮೈಯಲ್ಲಿರುವ ನಿಂಬೆಗಾತ್ರದ್ದು ಏನೂ ಮಾಡದೆ ಇರಬಹುದು. ಸ್ಕ್ಯಾನ್ ವರದಿಯಲ್ಲಿ ‘ಫೈಬ್ರಾಯ್ಡ್’ ಎಂಬ ಪದ ಕಂಡ ಮಾತ್ರಕ್ಕೆ ರಕ್ತಕ್ಕೆ ಅದೇ ಕಾರಣವೆಂದು ತೀರ್ಮಾನಿಸುವಂತಿಲ್ಲ.

ಸ್ಕ್ಯಾನ್ ಬಗ್ಗೆ ನಮ್ಮಲ್ಲಿರುವ ಅತಿನಂಬಿಕೆಗೆ ಇನ್ನೊಂದು ಮಾತು ಹೇಳಲೇಬೇಕು. ಸಂಭೋಗದ ನಂತರ ರಕ್ತ ಬರುವುದು, ನಡುನಡುವೆ ದುರ್ವಾಸನೆಯ ಕೆಂಪುಮಿಶ್ರಿತ ಸ್ರಾವ ಹೋಗುವುದು ಗರ್ಭಕಂಠದ ಕ್ಯಾನ್ಸರಿನ ಲಕ್ಷಣವಿರಬಹುದು. ಭಾರತದಲ್ಲಿ ಪ್ರತಿ ವರ್ಷ 1.2 ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಗುತ್ತದೆ, 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಆರಂಭದ ಹಂತದಲ್ಲಿ ಈ ಕ್ಯಾನ್ಸರ್ ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಯೋನಿಯೊಳಗೆ ಸ್ಪೆಕ್ಯುಲಂ ಎಂಬ ಸಾಧನ ಹಾಕಿ ದೀಪದ ಬೆಳಕಿನಲ್ಲಿ ಗರ್ಭಕಂಠವನ್ನು ಕಣ್ಣಾರೆ ನೋಡಬೇಕು. ಐದು ನಿಮಿಷದ ಈ ಪರೀಕ್ಷೆಯನ್ನು ರೋಗಿ ನಾಚಿಕೆಯಿಂದ ಬೇಡವೆನ್ನುತ್ತಾಳೆ, ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ವೈದ್ಯರೂ ಸ್ಕ್ಯಾನ್ ಬರೆದುಕೊಟ್ಟು ಮುಗಿಸುತ್ತಾರೆ. ‘ಸ್ಕ್ಯಾನ್ ನಾರ್ಮಲ್’ ಎಂಬ ಚೀಟಿ ಹಿಡಿದು ಮನೆಗೆ ಹೋದವಳು ಮತ್ತೆ ಬರುವುದು ಕಾಯಿಲೆ ಹಬ್ಬಿದ ಮೇಲೆ. ಮೂವತ್ತು ದಾಟಿದವರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ.

ಕ್ಯಾನ್ಸರಿನ ಹೆಸರೆತ್ತಿದ ಕೂಡಲೇ ಒಂದು ನ್ಯಾಯವಾದ ಆಕ್ಷೇಪ ಎದುರಾಗುತ್ತದೆ. ಗರ್ಭಕೋಶ ತೆಗೆಯುವ ದಂಧೆ ಬೆಳೆದದ್ದೇ ಈ ಭಯದ ಮೇಲಲ್ಲವೇ? ‘ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿಯೇ ಬಡ ಮಹಿಳೆಯರನ್ನು ಮಲಗಿಸಲಿಲ್ಲವೇ? ಹೌದು. ಅದಕ್ಕೇ ನಿಖರ ಸಂಖ್ಯೆ ಎಲ್ಲರಿಗೂ ಗೊತ್ತಿರಬೇಕು. ಮುಟ್ಟು ನಿಂತ ನಂತರದ ರಕ್ತಸ್ರಾವದ ಬಗ್ಗೆ ನಡೆದ 129 ಅಧ್ಯಯನಗಳನ್ನು, ಅಂದರೆ 40 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು, ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಹೀಗೆ ರಕ್ತ ಕಂಡಿತ್ತು. ಆದರೆ ಹೀಗೆ ರಕ್ತ ಕಂಡವರಲ್ಲಿ ಆ ಕ್ಯಾನ್ಸರ್ ಇದ್ದದ್ದು ನೂರಕ್ಕೆ ಸುಮಾರು 9 ಮಂದಿಗೆ. ಈ ಎರಡನ್ನೂ ಒಟ್ಟಿಗೆ ಓದಬೇಕು. ಮೊದಲನೆಯದು ಯಾರೂ ತೋರಿಸದೆ ಉಳಿಯಬಾರದು ಎನ್ನುತ್ತದೆ, ಎರಡನೆಯದು ಪರೀಕ್ಷೆಗೆ ಮುನ್ನ ಯಾರೂ ಹೆದರಿ ಆಪರೇಷನ್ನಿಗೆ ಒಪ್ಪಬಾರದು ಎನ್ನುತ್ತದೆ. ಉಳಿದ ತೊಂಬತ್ತೊಂದು ಮಂದಿಯಲ್ಲಿ ಬಹಳಷ್ಟು ಸಲ ಕಾರಣ ಹಾರ್ಮೋನು ಇಳಿದು ಯೋನಿಯ ಅಥವಾ ಗರ್ಭಕೋಶದ ಪದರ ತೆಳುವಾದದ್ದು, ಅಥವಾ ಸಣ್ಣ ಪಾಲಿಪ್. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಒಳಪದರ ನಾಲ್ಕು ಮಿಲಿಮೀಟರಿಗಿಂತ ತೆಳುವಿದ್ದರೆ ಕ್ಯಾನ್ಸರಿನ ಸಂಭವ ಬಹಳ ಕಡಿಮೆ. ದಪ್ಪವಿದ್ದರೆ, ಇಲ್ಲವೇ ರಕ್ತ ಮರುಕಳಿಸಿದರೆ, ತೆಳುವಾದ ನಳಿಕೆಯಿಂದ ಚೂರು ಪದರ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಹುತೇಕ ಸಲ ಅದಕ್ಕೆ ಮಂಪರು ಔಷಧಿಯೂ ಬೇಡ. ಕ್ಯಾನ್ಸರೇ ಆಗಿದ್ದರೂ ಗರ್ಭಕೋಶದೊಳಗೇ ಇರುವಾಗ ಸಿಕ್ಕರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಭಯಕ್ಕೆ ಮದ್ದು ಆ ಬಯಾಪ್ಸಿ ವರದಿ. ಗರ್ಭಕೋಶ ತೆಗೆಸುವುದರಿಂದ ಕಾರಣ ತಿಳಿಯದ ಭಯ ಹೋಗುವುದಿಲ್ಲ, ಭಯ ಹುಟ್ಟಿಸಿದ ಅಂಗವಷ್ಟೇ ಹೋಗುತ್ತದೆ.

ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಆದದ್ದು ಇದೇ. ಬೆನ್ನುನೋವು, ಬಿಳಿಸೆರಗು, ಹೆಚ್ಚು ಮುಟ್ಟು ಎಂದು ಹೋದ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ತೆಗೆದದ್ದು ಕಳೆದ ದಶಕದಲ್ಲಿ ಬಯಲಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಬೆನ್ನುಹತ್ತಿದ ಮೇಲೆ ಸರ್ಕಾರ ತನಿಖೆ ನಡೆಸಿತು. ಗಡಿಯಾಚೆಯ ಬೀಡ್ ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ 4,605 ಮಹಿಳೆಯರ ಗರ್ಭಕೋಶ ತೆಗೆಯಲಾಗಿದೆ ಎಂದು 2019ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಶಾಸನಸಭೆಗೆ ತಿಳಿಸಿತು. ನಮ್ಮ ಬೆಳಗಾವಿ, ಬಾಗಲಕೋಟೆಗಳ ಗದ್ದೆಗಳಿಗೂ ಕಬ್ಬು ಕಡಿಯಲು ಜನ ಬರುವುದು ಆ ಜಿಲ್ಲೆಯಿಂದ. ರಾಜಸ್ಥಾನ, ಬಿಹಾರ, ಛತ್ತೀಸಗಢಗಳಲ್ಲಿ ನಡೆದ ಇಂಥದ್ದೇ ಸಂಗತಿಗಳ ಬಗ್ಗೆ ವೈದ್ಯ ನರೇಂದ್ರ ಗುಪ್ತಾ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಅದರಲ್ಲಿ ಆದೇಶವಿದೆ. ಈ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡಲು ರಾಜ್ಯ ಮತ್ತು ಜಿಲ್ಲಾ ಮಟ್ಟದ ಸಮಿತಿಗಳಿರಬೇಕು ಎನ್ನುತ್ತದೆ ಆ ಮಾರ್ಗಸೂಚಿ. ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ. 3ಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದಾರೆ. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ದೇಶದಾದ್ಯಂತ ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ, ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ ಕಾರಣ ಅತಿಸ್ರಾವ ಅಥವಾ ನೋವು. ಅವರು ಹೇಳಿದ್ದು ಲಕ್ಷಣವನ್ನು. ಅದರ ಹಿಂದಿನ ರೋಗದ ಹೆಸರು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಇಲ್ಲಿ ಅತ್ಯಂತ ಗಂಭೀರವಾದ ಆಕ್ಷೇಪ ಬರುವುದು ಕಬ್ಬು ಕಡಿಯುವ ಆ ಮಹಿಳೆಯರಿಂದಲೇ. ಕಬ್ಬಿನ ಗದ್ದೆಯಲ್ಲಿ ಶೌಚಾಲಯವಿಲ್ಲ, ಬಟ್ಟೆ ಒಗೆಯಲು ನೀರಿಲ್ಲ, ಒಂದು ದಿನ ಕೆಲಸ ತಪ್ಪಿದರೆ ಕೂಲಿಯ ಜೊತೆಗೆ ದಂಡವೂ ಕಟ್ಟಬೇಕು. ಪದೇ ಪದೇ ಆಸ್ಪತ್ರೆಗೆ ಅಲೆಯಲು ಬಸ್ ಚಾರ್ಜೂ ಇಲ್ಲ, ಪುರುಸೊತ್ತೂ ಇಲ್ಲ. ಗರ್ಭಚೀಲ ತೆಗೆಸಿದರೆ ಒಂದೇ ಸಲಕ್ಕೆ ಪೀಡೆ ಹೋಗುತ್ತದೆ; ಪರೀಕ್ಷೆ, ಮಾತ್ರೆ, ಕಾಯುವಿಕೆ ಎಂದು ಉಪದೇಶ ಮಾಡುವವರಿಗೆ ನಮ್ಮ ಬದುಕು ಗೊತ್ತಿಲ್ಲ ಎಂದು ಅವರು ಹೇಳಿದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆ ಪರಿಸ್ಥಿತಿಯಲ್ಲಿ ಅದು ಲೆಕ್ಕ ಹಾಕಿಯೇ ಮಾಡಿದ ತೀರ್ಮಾನ. ಆದರೆ ಲೆಕ್ಕದ ಒಂದು ಬದಿಯನ್ನಷ್ಟೇ ಅವರಿಗೆ ತೋರಿಸಲಾಗಿದೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರಲ್ಲೇ ಮುಟ್ಟು ನಿಂತ ದೇಹವಾಗುತ್ತದೆ: ಮೈ ಕಾವೇರುವುದು, ನಿದ್ದೆಗೇಡು, ಮೂಳೆ ಸವೆತ, ಮುಂದೆ ಹೃದ್ರೋಗದ ಹೆಚ್ಚಿದ ಅಪಾಯ. ಅಂಡಾಶಯ ಉಳಿಸಿದರೂ ಅವು ಕೆಲವು ವರ್ಷ ಮುಂಚೆಯೇ ಕೆಲಸ ನಿಲ್ಲಿಸುವ ಸಂಭವವಿದೆ. ಕಬ್ಬಿನ ಹೊರೆ ಹೊರುವವಳಿಗೆ ಮೂಳೆಯೇ ಬಂಡವಾಳ. ಆಪರೇಷನ್ನಿಗೆ ಮಾಡಿದ ಸಾಲ ಅದರ ಮೇಲೆ. ಇವೆಲ್ಲವನ್ನೂ ಕೇಳಿ, ಬೇರೆ ದಾರಿಗಳನ್ನೂ ತಿಳಿದು, ಆಮೇಲೂ ಅವಳು ತೆಗೆಸುತ್ತೇನೆ ಎಂದರೆ ಅದು ಅವಳ ಹಕ್ಕು. ಹಾಗೆ ತೆಗೆಸುವವರಿಗೂ ಮೊದಲು ಪರೀಕ್ಷೆ ಬೇಕೇಬೇಕು, ಯಾಕೆಂದರೆ ರಕ್ತ ಗರ್ಭಕಂಠದ ಕ್ಯಾನ್ಸರಿನಿಂದ ಬರುತ್ತಿದ್ದು, ಅದು ಗೊತ್ತಿಲ್ಲದೆ ಸಾಮಾನ್ಯ ರೀತಿಯಲ್ಲಿ ಗರ್ಭಕೋಶ ತೆಗೆದರೆ ಚಿಕಿತ್ಸೆ ಅರೆಬರೆಯಾಗುತ್ತದೆ. ಆ ಕ್ಯಾನ್ಸರಿಗೆ ಬೇಕಾದ ಶಸ್ತ್ರಚಿಕಿತ್ಸೆಯೇ ಬೇರೆ, ಹಂತ ಮುಂದುವರಿದಿದ್ದರೆ ಬೇಕಾದದ್ದು ವಿಕಿರಣ. ಒಂದೇ ಸಲಕ್ಕೆ ಮುಗಿಸಬೇಕೆಂದು ಹೋದವಳು ಆಗ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಕಾರಣ ತಿಳಿದ ಮೇಲೆ ದಾರಿಗಳು ಹಲವು, ಎಷ್ಟೋ ದಾರಿಗಳು ಅಗ್ಗ. ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದೇ ಅವರ ಹುಡುಕಾಟವಾಗಿತ್ತು. ಮುಟ್ಟಿನ ಮೊದಲ ನಾಲ್ಕೈದು ದಿನ ಮಾತ್ರ ತೆಗೆದುಕೊಳ್ಳುವ ಈ ಮಾತ್ರೆ ಸ್ರಾವವನ್ನು ಮೂರನೇ ಒಂದರಿಂದ ಅರ್ಧದವರೆಗೆ ತಗ್ಗಿಸುತ್ತದೆ. ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಚರಿತ್ರೆ ಇದ್ದವರಿಗೆ ಇದು ಸಲ್ಲದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಓರ್ಮೆಲಾಕ್ಸಿಫೀನ್, ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂಬ ಹೆಸರಿನ ಗರ್ಭನಿರೋಧಕವಾಗಿ ಸಿಗುವ ಮಾತ್ರೆ, ಅತಿಸ್ರಾವಕ್ಕೂ ಬಳಕೆಯಲ್ಲಿದೆ. ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನನ್ನು ನಿಧಾನವಾಗಿ ಬಿಡುವ, ಗರ್ಭಕೋಶದೊಳಗೆ ಇಡುವ ಸಾಧನ ಐದು ವರ್ಷ ಕೆಲಸ ಮಾಡುತ್ತದೆ, ಸ್ರಾವವನ್ನು ಶೇ. 80ಕ್ಕೂ ಹೆಚ್ಚು ಇಳಿಸುತ್ತದೆ. ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇದನ್ನು ಬಳಸಿದವರ ಬದುಕು ಮಾತ್ರೆ ತೆಗೆದುಕೊಂಡವರ ಬದುಕಿಗಿಂತ ಹೆಚ್ಚು ಸುಧಾರಿಸಿತ್ತು. ಪದೇ ಪದೇ ಬರಲಾಗದ ಕೂಲಿ ಮಹಿಳೆಗೆ ಹೇಳಿ ಮಾಡಿಸಿದಂಥ ಚಿಕಿತ್ಸೆ ಇದು. ಇದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವಂತೆ ಮಾಡಿದರೆ ಎಷ್ಟೋ ಶಸ್ತ್ರಚಿಕಿತ್ಸೆಗಳು ಬೇಕಾಗುವುದೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಲಿಪನ್ನು, ಒಳಪದರಕ್ಕೆ ಒತ್ತಿದ ಫೈಬ್ರಾಯ್ಡನ್ನು ದೂರ್ಬೀನಿನ ಮೂಲಕ ಅಷ್ಟನ್ನೇ ತೆಗೆಯಬಹುದು. ಇವು ಯಾವುದೂ ಫಲಿಸದಾಗ, ಅಥವಾ ರೋಗವೇ ಬಯಸಿದಾಗ, ಗರ್ಭಕೋಶ ತೆಗೆಯುವುದು ಒಳ್ಳೆಯ ಚಿಕಿತ್ಸೆ. ಅಂಥವರು ಹಿಂಜರಿಯಬೇಕಿಲ್ಲ.

ಹಳ್ಳಿಯಲ್ಲಿ ಈ ಪರೀಕ್ಷೆಗಳೆಲ್ಲ ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆ ಉಳಿಯುತ್ತದೆ. ಎಲ್ಲವೂ ಸಿಗುವುದಿಲ್ಲ, ಆದರೆ ಮೊದಲ ಹೆಜ್ಜೆಗೆ ಎಲ್ಲವೂ ಬೇಕಿಲ್ಲ. ಕೊನೆಯ ಮೂರು ಮುಟ್ಟುಗಳ ತಾರೀಖು ಮತ್ತು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ. ಮೂತ್ರದಲ್ಲಿ ಗರ್ಭಪರೀಕ್ಷೆ, ಹಿಮೋಗ್ಲೋಬಿನ್, ರಕ್ತದೊತ್ತಡ, ಸ್ಪೆಕ್ಯುಲಂ ಪರೀಕ್ಷೆ, ಇವಿಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಬಹುದು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಪ್ರಯೋಗದಲ್ಲಿ ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರೇ ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ದ್ರಾವಣ, ಸವರಿ ಬೆಳ್ಳಗಾಗುವ ಭಾಗವನ್ನು ಗುರುತಿಸಿದರು. ಗರ್ಭಕಂಠದ ಕ್ಯಾನ್ಸರಿನ ಸಾವು ಅಲ್ಲಿ ಶೇ. 31ರಷ್ಟು ಇಳಿಯಿತು. ಅವರು ವೈದ್ಯರಾಗಿರಲಿಲ್ಲ, ಬಳಸಿದ್ದು ಯಾವ ದೊಡ್ಡ ಯಂತ್ರವನ್ನೂ ಅಲ್ಲ. ಹಾಗೆ ನೋಡಿದರೆ ನಮ್ಮಲ್ಲಿ ಕೊರತೆಯಿರುವುದು ಪರದೆ ಎಳೆದ ಒಂದು ಕೋಣೆ, ತರಬೇತಾದ ಒಬ್ಬ ನರ್ಸ್, ಕೇಳಿಸಿಕೊಳ್ಳಲು ಹತ್ತು ನಿಮಿಷ. ತುರ್ತಿನ ಮಾತು ಬೇರೆ: ಗಂಟೆಗೊಂದು ಪ್ಯಾಡು ಎರಡು ಗಂಟೆಗೂ ಹೆಚ್ಚು ಕಾಲ ತೊಯ್ದರೆ, ಕಣ್ಣು ಕತ್ತಲೆ ಬಂದರೆ, ಗರ್ಭಿಣಿಗೆ ರಕ್ತದ ಜೊತೆ ಹೊಟ್ಟೆನೋವಿದ್ದರೆ, 108ಕ್ಕೆ ಕರೆ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ಗರ್ಭಕೋಶ ತೆಗೆಸಿಕೊಂಡವರ ಬಗ್ಗೆಯೂ ಹೇಳಬೇಕಾದ್ದಿದೆ. ತೆಗೆದ ಅಂಗವನ್ನು ಪರೀಕ್ಷೆಗೆ ಕಳಿಸಿ ಅದರ ವರದಿಯನ್ನು ರೋಗಿಯ ಕೈಗೆ ಕೊಡುವುದು ಆಸ್ಪತ್ರೆಯ ಕರ್ತವ್ಯ. ಡಿಸ್ಚಾರ್ಜ್ ಚೀಟಿಯ ಜೊತೆ ಆ ವರದಿ ಇಲ್ಲದಿದ್ದರೆ ಕೇಳಿ ಪಡೆಯಬೇಕು. ಗರ್ಭಕಂಠವನ್ನು ಉಳಿಸಿದ್ದಾರೆಯೇ, ಅಂಡಾಶಯ ಉಳಿದಿವೆಯೇ ಎಂಬುದನ್ನು ಆ ಕಾಗದಗಳಿಂದಲೇ ತಿಳಿಯಬೇಕು. ಗರ್ಭಕಂಠ ಉಳಿದಿದ್ದರೆ ಅದರ ತಪಾಸಣೆ ಉಳಿದವರಂತೆಯೇ ಮುಂದುವರಿಯಬೇಕು. ಆಪರೇಷನ್ ಆಗಿ ಎಷ್ಟೇ ವರ್ಷವಾಗಿರಲಿ, ಮತ್ತೆ ರಕ್ತ ಕಂಡರೆ ಅದು ಉಳಿದ ಗರ್ಭಕಂಠದಿಂದ ಬಂದಿರಬಹುದು, ಯೋನಿಯ ಮೇಲ್ತುದಿಯ ಹೊಲಿಗೆಯ ಜಾಗದಿಂದ ಬಂದಿರಬಹುದು, ಮೂತ್ರದ ಅಥವಾ ಮಲದ್ವಾರದ ದಾರಿಯಿಂದಲೂ ಬಂದಿರಬಹುದು. ‘ಚೀಲವೇ ಇಲ್ಲವಲ್ಲ, ಇನ್ನೇನು’ ಎಂದು ಅದನ್ನು ಬಿಡುವಂತಿಲ್ಲ. ಆ ವರದಿಯನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಹಿಡಿದುಕೊಂಡು ಅದೇ ವಾರ ವೈದ್ಯರ ಬಳಿ ಹೋಗಬೇಕು.